ಹುಬ್ಬಳ್ಳಿಯಲ್ಲಿ ಹುಟ್ಟಿದ ಒಂದು ಮರಾಠಿ ನಾಟಕ ಮಂಡಳಿ: ಗಾಯಕನಟ ಕೇಶವರಾವ್ ಭೋಸಲೆಯವರ ರಂಗಜೀವನ

ಮರಾಠಿ ಸಂಗೀತ ನಾಟಕದ ಇತಿಹಾಸವನ್ನು ಬಲ್ಲವರಿಗೆ ‘ಲಲಿತಕಲಾದರ್ಶ’ವೆಂಬ ಮಂಡಳಿಯ ಹೆಸರು ಸುಪರಿಚಿತವಾದುದು. ಆದರೆ ಆ ಮಂಡಳಿಯು ಜನ್ಮ ತಾಳಿದ್ದು ಪುಣೆಯಲ್ಲಲ್ಲ, ಮುಂಬಯಿಯಲ್ಲಲ್ಲ. ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ, 1908ನೆಯ ಇಸವಿ ಜನವರಿ 1ರಂದು, ಎಂಬುದನ್ನು ನಮ್ಮಲ್ಲಿ ನೆನೆಯುವವರು ವಿರಳ. ಅದನ್ನು ಸ್ಥಾಪಿಸಿದ ಗಾಯಕನಟ ಕೇಶವರಾವ್ ಭೋಸಲೆಯವರಿಗೆ ಆಗ ವಯಸ್ಸು ಕೇವಲ 17. ಮರಾಠಿ ಲೇಖಕರು ಹುಬ್ಬಳ್ಳಿಯನ್ನು ಒಂದು ಸ್ಥಳನಾಮವಾಗಿ ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ಕನ್ನಡ ರಂಗಭೂಮಿಯ ಚರಿತ್ರಕಾರರು ಮಂಡಳಿ ಮರಾಠಿಯದೆಂಬ ಕಾರಣದಿಂದ ಅದನ್ನು ಬಿಟ್ಟುಬಿಡುತ್ತಾರೆ. ಹೀಗೆ ಎರಡು ಭಾಷೆಗಳ ನಡುವಿನ ಗಡಿಯಲ್ಲಿ ಉಳಿದುಹೋಗಿರುವ ಒಂದು ರಂಗಜೀವನವನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಪೂರ್ವಪೀಠಿಕೆಯಾಗಿ ಎರಡು ಮಾತು. ಮರಾಠಿ ನಾಟಕದ ಆರಂಭವನ್ನು 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾಸ್ವಯಂವರ’ದಿಂದ ಗಣಿಸುವುದು ರೂಢಿ. ಅದಕ್ಕೆ ಹಿಂದಿನ ವರ್ಷ ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟವಾಡಿತ್ತು. ಅದನ್ನು ಕಂಡ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ತಮ್ಮ ಭಾಷೆಯಲ್ಲಿಯೂ ಅಂಥದೊಂದು ಆಗಬೇಕೆಂದು ಭಾವೆಯವರನ್ನು ಪ್ರೇರಿಸಿದರು. ಸಂಗೀತ ನಾಟಕಕ್ಕೆ ನಿಶ್ಚಿತ ರೂಪವನ್ನು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು (1843-1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯ ಜನ ಅವರ ‘ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ನೋಡಿದರು. ಈ ನಾಟಕಗಳ ಪದಗಳಿಗೆ ಅವರು ತಾವು ಬಾಲ್ಯದಿಂದ ಕೇಳಿದ್ದ ಕನ್ನಡ ಹಾಡುಗಳ ಧಾಟಿಗಳನ್ನೂ ಬಳಸಿಕೊಂಡರು. ಮುಂದೆ ಇದೇ ಮಾದರಿ ಮರಾಠಿ ಕಂಪನಿಗಳ ಮೂಲಕ ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಹಿಂದಿರುಗಿ ಬಂದಾಗ ನಮ್ಮವರು ಅದನ್ನು ಪರಕೀಯವೆಂದು ಬಗೆದರು. ಗದಗಿನ ಶಾಂತಕವಿಗಳು (1856-1920) ಕನ್ನಡದಲ್ಲಿ ನಾಟಕಗಳನ್ನು ಬರೆದು ಆಡಿಸಿದ್ದಕ್ಕೆ ಮರಾಠಿ ನಾಟಕಗಳ ಈ ಹಾವಳಿಯೇ ಕಾರಣವೆಂಬುದು ವಿದಿತವೇ ಇದೆ. ಕೊಟ್ಟ ಸಾಲ ಬಡ್ಡಿಯೊಡನೆ ಮನೆಗೆ ಬಂದಾಗ ಅದನ್ನು ಗುರುತಿಸದಂತಾಯಿತು ಎನ್ನಬಹುದೇನೋ. ಆದರೆ ಅಂದಿನ ಕನ್ನಡಿಗರ ಅಸಮಾಧಾನಕ್ಕೆ ಸಕಾರಣವಿತ್ತೆಂಬುದನ್ನು ನಾವು ಮರೆಯಬಾರದು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯ ಪ್ರಾಬಲ್ಯವನ್ನು ಕಂಡು ಬೇಸತ್ತವರಿಗೆ ರಂಗಮಂದಿರದಲ್ಲಿಯೂ ಅದೇ ಭಾಷೆ ಎದುರಾಗುತ್ತಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ವಾತಾವರಣದಲ್ಲಿಯೇ.

ಅದೇ 1890ರ ಆಗಸ್ಟ್ 9ರಂದು ಕೊಲ್ಹಾಪುರದ ಒಂದು ಬಡ ಮರಾಠಾ ಕುಟುಂಬದಲ್ಲಿ ಕೇಶವರಾಯರು ಜನಿಸಿದರು. ತಂದೆ ಬೇಗನೆ ತೀರಿಕೊಂಡರು. ಬಡತನದ ದೆಸೆಯಿಂದ ಹುಡುಗನು ಎಳೆಯ ವಯಸ್ಸಿನಲ್ಲಿಯೇ ‘ಸ್ವದೇಶಹಿತಚಿಂತಕ’ವೆಂಬ ನಾಟಕ ಮಂಡಳಿಯನ್ನು ಸೇರಬೇಕಾಯಿತು. ಆ ಕಾಲದಲ್ಲಿ ಕಂಪನಿಯೆಂದರೆ ಊಟ, ವಸತಿ, ಪಾಠ, ಶಿಕ್ಷೆ ಎಲ್ಲವೂ ಒಂದೇ ಸೂರಿನಡಿ ನಡೆಯುವ ಸಂಸಾರ. ಕಂಠವಿದ್ದ ಹುಡುಗನಿಗೆ ಅಲ್ಲಿ ಸ್ತ್ರೀಪಾರ್ಟು ಕಾದಿರುತ್ತಿತ್ತು. ಹೆಣ್ಣುಮಕ್ಕಳು ರಂಗವನ್ನೇರದ ಆ ದಿನಗಳಲ್ಲಿ ಇಡೀ ಮಂಡಳಿಯ ಜೀವನೋಪಾಯವು ಒಬ್ಬಿಬ್ಬರು ಬಾಲಕರ ಕಂಠವನ್ನು ಅವಲಂಬಿಸಿತ್ತು. ಆ ಕಂಠವಾದರೋ ಒಡೆಯುವ ದಿನವನ್ನು ತನ್ನಲ್ಲಿಯೇ ಹೊತ್ತುಕೊಂಡಿತ್ತು.

ಕೇಶವರಾಯರಿಗೆ ಕೀರ್ತಿಯನ್ನು ತಂದ ಪಾತ್ರ ‘ಶಾರದಾ’. ಗೋವಿಂದ ಬಲ್ಲಾಳ ದೇವಲರು (1855-1916) ಬರೆದ ಈ ನಾಟಕವು 1899ರಲ್ಲಿ ರಂಗಕ್ಕೆ ಬಂದಿತು. ದೇವಲರೂ ಬೆಳಗಾವಿಯಲ್ಲಿ ಓದಿದವರು, ಕಿರ್ಲೋಸ್ಕರರ ಶಿಷ್ಯರು. ಅಲ್ಲಿಯವರೆಗೆ ಸಂಗೀತ ನಾಟಕವೆಂದರೆ ಪುರಾಣ ಅಥವಾ ಸಂಸ್ಕೃತ ನಾಟಕದ ಕಥೆಯೆಂದೇ ಇದ್ದಿತು. ‘ಶಾರದಾ’ ಸಮಕಾಲೀನ ಸಮಾಜದ ಕಥೆ. ಹಣದಾಸೆಗೆ ಬಿದ್ದ ಕಾಂಚನಭಟ್ಟನು ತನ್ನ ಎಳೆಯ ಮಗಳನ್ನು ಭುಜಂಗನಾಥನೆಂಬ ಮುದುಕ ಸಾಹುಕಾರನಿಗೆ ಕೊಡಲು ಹೊರಡುತ್ತಾನೆ. ಕೋದಂಡನೆಂಬ ತರುಣನು ಅದನ್ನು ತಡೆಯುತ್ತಾನೆ. ಬಾಲ್ಯವಿವಾಹವನ್ನು ನಿರ್ಬಂಧಿಸಿದ 1929ರ ‘ಶಾರದಾ ಕಾಯಿದೆ’ಗೆ ಈ ನಾಟಕದಿಂದಲೇ ಹೆಸರು ಬಂತೆಂದು ಕೆಲವರು ತಿಳಿದಿರುವುದುಂಟು. ಅದು ಸರಿಯಲ್ಲ; ಆ ಹೆಸರು ಮಸೂದೆಯನ್ನು ತಂದ ಹರವಿಲಾಸ ಸಾರದಾ ಅವರದು. ಆದರೂ ಜನರು ಅವೆರಡನ್ನೂ ಕೂಡಿಸಿಕೊಂಡದ್ದರಲ್ಲಿ ನಾಟಕದ ಪ್ರಭಾವಕ್ಕೆ ಒಂದು ಸಾಕ್ಷ್ಯವಿದೆ.

12 ವರ್ಷದ ಆಸುಪಾಸಿನ ಬಾಲಕನೊಬ್ಬನು ಅದೇ ವಯಸ್ಸಿನ ಕನ್ಯೆಯ ದುಃಖವನ್ನು ಹಾಡುವಾಗ ನೋಟಕರಿಗೆ ಆಗಿರಬಹುದಾದ ಅನುಭವವನ್ನು ನಾವು ಸ್ವಲ್ಪ ಯೋಚಿಸಬೇಕು. ಪ್ರೌಢ ನಟನು ಸ್ತ್ರೀವೇಷ ಧರಿಸಿದಾಗ ನೋಟಕರು ಅವನ ಕೌಶಲವನ್ನು ಮೆಚ್ಚುತ್ತಾರೆ. ಇಲ್ಲಿಯಾದರೋ ಪಾತ್ರಕ್ಕೂ ನಟನಿಗೂ ವಯಸ್ಸಿನ ಅಂತರವಿರಲಿಲ್ಲ. ಮತ್ತೊಂದು ಸಾಮ್ಯವೂ ಇದ್ದಿತು. ದೊಡ್ಡವರ ಹಣದ ಲೆಕ್ಕದಲ್ಲಿ ಸಿಕ್ಕಿಕೊಂಡ ಹುಡುಗಿಯ ಕಥೆಯನ್ನು ಹಾಡುತ್ತಿದ್ದವನು ತಾನೂ ಮನೆಯ ಬಡತನದಿಂದಾಗಿ ಕಂಪನಿಯ ಪಾಲಾದ ಹುಡುಗ. ಅಂದಿನ ನೋಟಕರಿಗೆ ಇದು ಹೊಳೆದಿತ್ತೋ ಇಲ್ಲವೋ ಹೇಳಲಾಗದು. ಇಂದು ಹಿಂದಿರುಗಿ ನೋಡುವ ನಮಗೆ ಅದನ್ನು ಕಾಣದೆ ಇರುವುದು ಕಷ್ಟ. ಸಮಾಜ ಸುಧಾರಣೆಯ ನಾಟಕವು ಬಾಲಕರ ದುಡಿಮೆಯ ಮೇಲೆ ನಿಂತಿತ್ತೆಂಬ ಸಂಗತಿಯನ್ನು ಆ ಯುಗದ ಪ್ರಶಂಸೆಯಲ್ಲಿ ಮುಚ್ಚಿಡಲಾಗದು.

ಸ್ವದೇಶಹಿತಚಿಂತಕ ಮಂಡಳಿಯನ್ನು ಬಿಟ್ಟು ಹೊರಬಂದ ಕೇಶವರಾಯರು ಹುಬ್ಬಳ್ಳಿಯಲ್ಲಿ ಸ್ವಂತ ಮಂಡಳಿಯನ್ನು ಕಟ್ಟಿದರು. ಹುಬ್ಬಳ್ಳಿಯೇ ಏಕೆ ಎಂಬ ಪ್ರಶ್ನೆ ಸಹಜವಾದುದು. ಇದನ್ನು ಕೇವಲ ಆಕಸ್ಮಿಕವೆಂದು ತಳ್ಳಿಬಿಡಲು ನಮಗೆ ಮನಸ್ಸಿಲ್ಲ. ಹತ್ತಿಯ ವ್ಯಾಪಾರವೂ ರೈಲ್ವೆ ಕಾರ್ಖಾನೆಯೂ ಸೇರಿ ಹುಬ್ಬಳ್ಳಿಯನ್ನು ಕೈಯಲ್ಲಿ ಕಾಸಾಡುವ ಪಟ್ಟಣವನ್ನಾಗಿ ಮಾಡಿದ್ದವು. ಕಾರ್ಖಾನೆಯ ಸಂಬಳದ ನೌಕರರು, ಪೇಟೆಯ ವ್ಯಾಪಾರಿಗಳು, ಕಚೇರಿಯ ಗುಮಾಸ್ತರು, ಇವರೆಲ್ಲ ನಾಟಕ ಕಂಪನಿಗೆ ಟಿಕೇಟು ಕೊಳ್ಳುವ ಜನ. ಪಡದೆ, ಪೆಟ್ಟಿಗೆ, ಪೋಷಾಕು, ಪೇಟಿಗಳನ್ನು ಹೊತ್ತು ಊರಿಂದೂರಿಗೆ ಹೋಗುವ ಮಂಡಳಿಗೆ ರೈಲುದಾರಿಯೇ ಬೆನ್ನೆಲುಬು. ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜ, ಪುಣೆಗಳ ಕಡೆಗೂ ಗದಗಿನ ಕಡೆಗೂ ದಾರಿಯಿತ್ತು. ಮದ್ರಾಸ್ ರೈಲ್ವೆ ಮತ್ತು ಸದರ್ನ್ ಮರಾಠಾ ರೈಲ್ವೆಗಳು ಒಂದಾಗಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ’ಯಾದದ್ದೂ 1908ರ ಜನವರಿ 1ರಂದೇ. ದಿನಾಂಕಗಳ ಈ ಮೇಳವು ಕಾಕತಾಳೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೈಲಿಗೂ ಕಂಪನಿ ನಾಟಕಕ್ಕೂ ಇದ್ದ ನಂಟು ಕಾಕತಾಳೀಯವಲ್ಲ.

ಮಂಡಳಿಯ ಹೆಸರಿನ ವಿಷಯದಲ್ಲಿ ಒಂದು ಮಾತು. ಕನ್ನಡದ ವಾಮನರಾವ್ ಮಾಸ್ತರರ ಕಂಪನಿಗೆ ‘ವಿಶ್ವಗುಣಾದರ್ಶ’ವೆಂದು ಹೆಸರು. ‘ಲಲಿತಕಲಾದರ್ಶ’ದ ಪಡಿಯಚ್ಚಿನಲ್ಲಿ ಅದು ಬಂದಿರಬಹುದೆಂದು ಊಹಿಸಲು ಮನಸ್ಸು ಎಳೆಯುತ್ತದೆ. ಆದರೆ ‘ವಿಶ್ವಗುಣಾದರ್ಶ’ವು ವೆಂಕಟಾಧ್ವರಿಯ ಪ್ರಸಿದ್ಧ ಸಂಸ್ಕೃತ ಚಂಪುವಿನ ಹೆಸರಾದುದರಿಂದ ಈ ಊಹೆಗೆ ಹೆಚ್ಚು ಬಲವಿಲ್ಲ. ಹೆಸರು ಹಾಗಿರಲಿ, ವ್ಯವಸ್ಥೆಯಲ್ಲಿ ಕನ್ನಡ ಕಂಪನಿಗಳು ಮರಾಠಿ ಮಂಡಳಿಗಳ ಮಾರ್ಗವನ್ನೇ ಹಿಡಿದವು. ಮಲ್ಲಿಕಾರ್ಜುನ ಮನ್ಸೂರರು (1910-1992) ಬಾಲಕರಾಗಿ ಪಾರ್ಟು ಮಾಡಿದ್ದು ಇದೇ ವಾಮನರಾಯರ ಕಂಪನಿಯಲ್ಲಿ. ನೀಲಕಂಠಬುವಾ ಅವರ ಕಿವಿಗೆ ಆ ಬಾಲಕಂಠ ಬಿದ್ದುದರಿಂದ ಮನ್ಸೂರರು ರಂಗದಿಂದ ಸಂಗೀತಕ್ಕೆ ತಿರುಗಿದರು. ಕೇಶವರಾಯರ ದಾರಿ ಇದಕ್ಕೆ ವಿಪರೀತವಾದುದು. ಅವರು ಸಂಗೀತವನ್ನು ರಂಗಕ್ಕಾಗಿಯೇ ಅರಗಿಸಿಕೊಂಡರು. ಗ್ವಾಲಿಯರ್ ಪರಂಪರೆಯ ಪ್ರಸಿದ್ಧ ಗವಾಯಿಗಳಾದ ರಾಮಕೃಷ್ಣಬುವಾ ವಝೆಯವರ ಶಿಕ್ಷಣ ಅವರಿಗೆ ದೊರಕಿತು. ಲಲಿತಕಲಾದರ್ಶದ ನಾಟಕಗಳಿಗೆ ವಝೆಬುವಾ ಅವರು ರಾಗಸಂಯೋಜನೆಯನ್ನೂ ಮಾಡಿದರು. ಅಪರೂಪದ ರಾಗಗಳೂ ಬಿರುಸಾದ ತಾನುಗಳೂ ರಂಗದ ಮೇಲೆ ಕೇಳತೊಡಗಿದವು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಥೇಟರಿನ ಕಟ್ಟಕಡೆಯ ಸಾಲಿನವನಿಗೂ ಕೇಳುವಂತೆ ಹಾಡುವುದು ನಟನ ಮೊದಲ ಧರ್ಮ. ಕೇಶವರಾಯರ ಕಂಠವು ಎತ್ತರದ ಸ್ವರಗಳಲ್ಲಿ ನಿಲ್ಲಬಲ್ಲದ್ದಾಗಿತ್ತು. ಬಾಲಗಂಧರ್ವರ (1888-1967) ಗಾಯನದಲ್ಲಿ ಮಾಧುರ್ಯ, ಇವರಲ್ಲಿ ಓಜಸ್ಸು ಎಂದು ರಸಿಕರು ಭೇದವನ್ನು ಹೇಳುತ್ತಿದ್ದರು. ಹೀಗೆ ಎರಡು ಪಕ್ಷಗಳಾಗಿ ನಿಂತು ‘ವನ್ಸ್ ಮೋರ್’ ಕೂಗುವುದರಲ್ಲಿ ಪ್ರೇಕ್ಷಕರಿಗೆ ಸಂತೋಷವಿತ್ತು. ಇತಿಹಾಸಕ್ಕೆ ಅದರಿಂದ ದೊರೆಯುವುದು ಅಲ್ಪ.

ನಾಟಕಗಳ ಆಯ್ಕೆಯಲ್ಲಿ ಕೇಶವರಾಯರು ತೋರಿದ ಧೈರ್ಯ ಹೆಚ್ಚು ಗಮನಾರ್ಹವಾದುದು. ಹಳೆಯ ‘ಸೌಭದ್ರ’ವನ್ನೇ ಮತ್ತೆ ಮತ್ತೆ ಆಡಿದರೂ ಗಲ್ಲೆ ತುಂಬುತ್ತಿತ್ತು. ಆದರೂ ಅವರು ವೀರ ವಾಮನರಾವ್ ಜೋಶಿಯವರ ‘ರಾಕ್ಷಸೀ ಮಹತ್ತ್ವಾಕಾಂಕ್ಷಾ’ ನಾಟಕವನ್ನು ಎತ್ತಿಕೊಂಡರು. ಮಾಮಾ ವರೇರಕರರು (1883-1964) ಹೆಸರಾಗುವ ಮೊದಲೇ ಅವರಿಗೆ ರಂಗವನ್ನು ಒದಗಿಸಿದರು. ವರದಕ್ಷಿಣೆಯನ್ನು ಹಳಿಯುವ ‘ಹಾಚ್ ಮುಲಾಚಾ ಬಾಪ್’, ಮತಾಂತರದ ಜಟಿಲ ಪ್ರಶ್ನೆಯನ್ನು ಎತ್ತುವ ‘ಸಂನ್ಯಾಶಾಚಾ ಸಂಸಾರ’ (1919) ಇವೆರಡೂ ಲಲಿತಕಲಾದರ್ಶದ ಮೂಲಕವೇ ಬೆಳಕು ಕಂಡವು. ‘ಶಾರದಾ’ದಲ್ಲಿ ಬೆಳೆದ ಬಾಲಕನು ಮಾಲಿಕನಾದ ಮೇಲೆ ಸಾಮಾಜಿಕ ನಾಟಕದ ಕೈ ಬಿಡಲಿಲ್ಲವೆಂಬುದು ನಮ್ಮ ಅಭಿಪ್ರಾಯದಲ್ಲಿ ಅವರ ತಾನುಗಳಿಗಿಂತಲೂ ಮುಖ್ಯವಾದ ಸಂಗತಿ.

ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರ ಆಶ್ರಯವು ಅವರಿಗಿತ್ತು. ಬ್ರಾಹ್ಮಣೇತರರ ಏಳಿಗೆಯನ್ನು ಬಯಸಿದ ಮಹಾರಾಜರಿಗೆ ಮರಾಠಾ ಮನೆತನದ ತರುಣನೊಬ್ಬನು ಮಂಡಳಿಯ ಒಡೆಯನಾದದ್ದು ಸಂತಸದ ವಿಷಯವಾಗಿದ್ದರೆ ಆಶ್ಚರ್ಯವಿಲ್ಲ. 1915ರಲ್ಲಿ ಮಹಾರಾಜರು ಖಾಸಬಾಗ ಕುಸ್ತಿ ಮೈದಾನದ ಬಳಿಯಲ್ಲಿಯೇ ‘ಪ್ಯಾಲೇಸ್ ಥೇಟರ್’ ಎಂಬ ರಂಗಮಂದಿರವನ್ನು ಕಟ್ಟಿಸಿದರು.

ಈ ಹಿನ್ನೆಲೆಯಲ್ಲಿ 1921ರ ಜುಲೈ 8ರ ಪ್ರಯೋಗವನ್ನು ನೋಡಬೇಕು. ಅಂದು ಮುಂಬಯಿಯಲ್ಲಿ ಗಂಧರ್ವ ಮಂಡಳಿ ಮತ್ತು ಲಲಿತಕಲಾದರ್ಶ ಎರಡೂ ಕೂಡಿ ಖಾಡಿಲ್ಕರರ ‘ಮಾನಾಪಮಾನ’ವನ್ನು ಆಡಿದವು. ಭಾಮಿನಿಯಾಗಿ ಬಾಲಗಂಧರ್ವರು, ಧೈರ್ಯಧರನಾಗಿ ಕೇಶವರಾಯರು. ಸಂಗ್ರಹವಾದ ಹಣ ತಿಲಕ್ ಸ್ವರಾಜ್ಯ ನಿಧಿಗೆ. ಪ್ರತಿಸ್ಪರ್ಧಿಗಳು ಒಂದೇ ರಂಗದಲ್ಲಿ ಹಾಡಿದರೆಂಬುದೇ ಈ ಪ್ರಸಂಗದ ವಿಶೇಷವೆಂದು ಸಾಮಾನ್ಯವಾಗಿ ವರ್ಣಿಸುತ್ತಾರೆ. ನಮಗೆ ಅದಕ್ಕಿಂತ ಮಹತ್ತ್ವದ್ದಾಗಿ ಕಾಣುವುದು ಬೇರೆ. ವೇದೋಕ್ತ ವಿವಾದದ ಕಾಲದಿಂದಲೂ ಶಾಹೂ ಮಹಾರಾಜರಿಗೂ ಲೋಕಮಾನ್ಯ ತಿಲಕರಿಗೂ ಹೊಂದಿಕೆಯಿರಲಿಲ್ಲ. ‘ಬಾಲಗಂಧರ್ವ’ವೆಂಬ ಬಿರುದು ತಿಲಕರಿಂದ ಬಂದುದೆಂದು ಪ್ರತೀತಿ, ಕೇಶವರಾಯರು ಶಾಹೂ ಮಹಾರಾಜರ ಆಶ್ರಿತರು. ತಿಲಕರು ಗತಿಸಿ ವರ್ಷ ತುಂಬುವ ಮೊದಲೇ, ಅವರ ಹೆಸರಿನ ನಿಧಿಗಾಗಿ ಈ ಆಶ್ರಿತರು ಹಾಡಲು ನಿಂತರು. ಧೈರ್ಯಧರನೆಂದರೆ ಬಡವನೆಂಬ ಕಾರಣಕ್ಕೆ ಸಿರಿವಂತರ ಮಗಳಿಂದ ಅವಮಾನಿತನಾಗಿ, ಪರಾಕ್ರಮದಿಂದ ಅವಳ ಮನ್ನಣೆಯನ್ನು ಪಡೆಯುವ ಸೇನಾಪತಿ. ಆ ಪಾತ್ರವನ್ನು ಕೇಶವರಾಯರು ಆ ದಿನ ಯಾವ ಭಾವದಿಂದ ಹಾಡಿದರೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಸ್ತ್ರೀಪಾರ್ಟಿನಿಂದ ಖ್ಯಾತರಾದ ಅನೇಕ ಬಾಲನಟರು ಕಂಠ ಒಡೆದೊಡನೆ ಮರೆಗೆ ಸರಿದುಹೋಗುತ್ತಿದ್ದರು. ಶಾರದೆಯಿಂದ ಧೈರ್ಯಧರನವರೆಗೆ ನಡೆದುಬಂದವರು ಕೆಲವರು ಮಾತ್ರ.

ಆ ಪ್ರಯೋಗವಾಗಿ ಮೂರು ತಿಂಗಳು ತುಂಬುವ ಮೊದಲೇ, 1921ರ ಅಕ್ಟೋಬರ್ 4ರಂದು, ಕೇಶವರಾಯರು ವಿಷಮಜ್ವರದಿಂದ ತೀರಿಕೊಂಡರು. ವಯಸ್ಸು 31. ಬಾಲಗಂಧರ್ವರು ಆ ಬಳಿಕ 46 ವರ್ಷ ಬದುಕಿದರು. ಸಾಲ, ಚಲನಚಿತ್ರ, ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಮೂಲದ ಗೋಹರಬಾಯಿ ಕರ್ನಾಟಕಿಯವರ ಸಹವಾಸ, ಕೊನೆಗೆ 1964ರ ಪದ್ಮಭೂಷಣ, ಹೀಗೆ ಅವರ ಇಳಿಗಾಲವೂ ಒಂದು ಕಥೆಯಾಯಿತು. ಕೇಶವರಾಯರಿಗೆ ಇಳಿಗಾಲವೇ ಇರಲಿಲ್ಲ. ಇಬ್ಬರನ್ನೂ ತೂಗುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು.

ಮಂಡಳಿ ಮಾತ್ರ ಅವರೊಡನೆ ಮುಗಿಯಲಿಲ್ಲ. ಬಾಪೂರಾವ್ ಪೆಂಢಾರಕರರು ಅದನ್ನು ವಹಿಸಿಕೊಂಡು 1922ರಲ್ಲಿ ವರೇರಕರರ ‘ಸತ್ತೇಚೆ ಗುಲಾಮ್’ ನಾಟಕವನ್ನು ಆಡಿದರು. 1937ರಲ್ಲಿ ಬಾಪೂರಾಯರು ನಿಧನರಾದ ಮೇಲೆ ಕೆಲವು ವರ್ಷ ನಿಂತುಹೋಗಿದ್ದ ಮಂಡಳಿಯನ್ನು ಅವರ ಮಗ ಭಾಲಚಂದ್ರ ಪೆಂಢಾರಕರರು (1921-2015) ಪುನಃ ಎತ್ತಿ ನಿಲ್ಲಿಸಿದರು. 17 ವರ್ಷದ ಹುಡುಗನು ಹುಬ್ಬಳ್ಳಿಯಲ್ಲಿ ಕಟ್ಟಿದ ಸಂಸ್ಥೆ 2008ರಲ್ಲಿ ನೂರು ವರ್ಷವನ್ನು ಕಂಡಿತು.

ಕೊಲ್ಹಾಪುರದ ಪ್ಯಾಲೇಸ್ ಥೇಟರಿಗೆ ಮುಂದೆ ‘ಸಂಗೀತಸೂರ್ಯ ಕೇಶವರಾವ್ ಭೋಸಲೆ ನಾಟ್ಯಗೃಹ’ವೆಂದು ಹೆಸರಾಯಿತು. 2024ರ ಆಗಸ್ಟ್ 8ರ ರಾತ್ರಿ, ಅಂದರೆ ಅವರ ಜಯಂತಿಯ ಹಿಂದಿನ ರಾತ್ರಿ, ಆ ಕಟ್ಟಡಕ್ಕೆ ಬೆಂಕಿ ಬಿದ್ದು ರಂಗವೂ ಒಳಾಂಗಣವೂ ಸುಟ್ಟುಹೋದವು. ಮರುದಿನ ಬೆಳಿಗ್ಗೆ ಜಯಂತಿಗೆಂದು ಸೇರಬೇಕಾಗಿದ್ದ ನಟರು ಮತ್ತು ರಸಿಕರು ಬೂದಿಯ ಮುಂದೆ ಸೇರಿದರು. ಅದನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟುವುದಾಗಿ ಮಹಾರಾಷ್ಟ್ರ ಸರ್ಕಾರವು ಪ್ರಕಟಿಸಿತು.