ಕ್ಯಾವೆಂಡಿಷನ ಕಾಗದಗಳು

ಕನ್ನಡದ ಅಧ್ಯಾಪಕನಾದ ನಾನು ಭೌತವಿಜ್ಞಾನದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ನನ್ನ ಗುರುಗಳೊಬ್ಬರ ಹಸ್ತಪ್ರತಿಗಳ ಟ್ರಂಕು ಹತ್ತು ವರ್ಷಗಳಿಂದ ನಮ್ಮ ಮನೆಯ ಅಟ್ಟದ ಮೇಲಿದೆ. ಹಸ್ತಪ್ರತಿಯ ಮಾತು ಬಂದರೆ ನನಗೆ ಎದೆ ಚುರುಕ್ಕೆನ್ನುತ್ತದೆ; ಈ ಕಥೆಯೂ ಹಸ್ತಪ್ರತಿಯದೇ.

ಎರಡು ವಿದ್ಯುದಾವೇಶಗಳ ನಡುವಣ ದೂರ ಇಮ್ಮಡಿಯಾದರೆ ಅವುಗಳ ನಡುವಣ ಬಲ ಕಾಲುಪಾಲಿಗಿಳಿಯುತ್ತದೆ. ಈ ನಿಯಮಕ್ಕೆ ಫ್ರಾನ್ಸಿನ ಕೂಲಂಬನ ಹೆಸರು. ಈತ ಸೇನೆಯ ಎಂಜಿನಿಯರು. ಮಾರ್ಟಿನೀಕ್ ದ್ವೀಪದಲ್ಲಿ ಎಂಟು ವರ್ಷ ಕೋಟೆಯ ಕೆಲಸ ಮಾಡಿಸಿ, ಆರೋಗ್ಯ ಕೆಡಿಸಿಕೊಂಡು ಮರಳಿದವನು. ಸಣ್ಣ ತಂತಿಯನ್ನು ತಿರುಚಲು ಎಷ್ಟು ಬಲ ಬೇಕೆಂದು ಮೊದಲು ಅಳೆದು, 1785ರಲ್ಲಿ ಅಂಥ ತಂತಿಯಿಂದಲೇ ವಿದ್ಯುತ್ತಿನ ಬಲವನ್ನು ತೂಗಿದನು. ಗಾಜಿನ ಪಾತ್ರೆಯೊಳಗೆ ತಂತಿಯಿಂದ ತೂಗುವ ಅಡ್ಡಕಡ್ಡಿ, ಅದರ ತುದಿಗೆ ಬೆಂಡಿನ ಗುಂಡು. ಪಕ್ಕದಲ್ಲಿ ಕದಲದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಬಗೆಯ ವಿದ್ಯುತ್ತು ತಗಲಿದೊಡನೆ ಒಂದನ್ನೊಂದು ದೂಡಿದವು. ಅಂತರ 36 ಡಿಗ್ರಿ ಇದ್ದಾಗ ತಂತಿಯ ತಿರುಚು 36. ತಂತಿಯನ್ನು ಮೇಲಿನಿಂದ ತಿರುಗಿಸಿ ಗುಂಡುಗಳನ್ನು 18ಕ್ಕೆ ಒತ್ತಿದಾಗ 144. ಎಂಟೂವರೆಗೆ ಒತ್ತಿದಾಗ 575½. ಹೆಚ್ಚುಕಡಿಮೆ ನಾಲ್ಮಡಿ, ಹದಿನಾರ್ಮಡಿ! ಆತ ಮುಂದಿಟ್ಟದ್ದು ಈ ಮೂರೇ ಅಳತೆಗಳು. ಇಷ್ಟು ಸೊಗಸಾಗಿ ಲೆಕ್ಕ ಬಂದೀತೇ ಎಂದು 1990ರ ದಶಕದಲ್ಲಿ ಪೀಟರ್ ಹೇರಿಂಗ್ ಪ್ರಯೋಗವನ್ನು ಮತ್ತೆ ಮಾಡಿ ಸಂದೇಹಪಟ್ಟರು. ಬಂದೀತೆಂದು 2006ರಲ್ಲಿ ಆಲ್ಬರ್ಟೋ ಮಾರ್ಟಿನೆಜ್ ಮಾಡಿ ತೋರಿಸಿದರು.

ಆದರೆ ಕೂಲಂಬನಿಗಿಂತ ಹನ್ನೆರಡು ವರ್ಷ ಮುಂಚೆಯೇ, 1773ರ ಹೊತ್ತಿಗೆ, ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್ ಇದೇ ನಿಯಮವನ್ನು ಕಂಡಿದ್ದನು. ಆಗರ್ಭ ಶ್ರೀಮಂತ, ಮಹಾ ಸಂಕೋಚದ ಪ್ರಾಣಿ. ಊಟಕ್ಕೇನು ಬೇಕೆಂಬುದನ್ನೂ ಆಳುಗಳಿಗೆ ಚೀಟಿ ಬರೆದು ತಿಳಿಸುತ್ತಿದ್ದನಂತೆ. ಗೋಳವೊಂದನ್ನು ತುಸು ದೊಡ್ಡ ಗೋಳದೊಳಗಿರಿಸಿ, ಎರಡನ್ನೂ ತಂತಿಯಿಂದ ಕೂಡಿಸಿ, ವಿದ್ಯುತ್ತು ತುಂಬಿದನು. ಆಮೇಲೆ ತಂತಿ ತೆಗೆದು, ಹೊರಗೋಳವನ್ನು ಬಿಡಿಸಿ ನೋಡಿದರೆ ಒಳಗೋಳದಲ್ಲಿ ವಿದ್ಯುತ್ತಿನ ಸುಳಿವೇ ಇಲ್ಲ! ಬಲವು ದೂರದ ವರ್ಗಕ್ಕೆ ವಿಲೋಮವಾಗಿದ್ದರೆ ಮಾತ್ರ ಹೀಗಾಗಬೇಕು. ಘಾತವು 2ಕ್ಕಿಂತ ಐವತ್ತರಲ್ಲೊಂದು ಪಾಲಿನಷ್ಟೂ ಬೇರೆಯಿರಲಾರದೆಂದು ಗುಣಿಸಿದನು, ಬರೆದನು, ಮಡಿಸಿಟ್ಟನು. 1810ರಲ್ಲಿ ತೀರಿಕೊಂಡನು.

ಆ ಕಾಗದಗಳನ್ನು ಕೊನೆಗೆ ಬಿಡಿಸಿದವನು ಕೇಂಬ್ರಿಡ್ಜಿನ ಮ್ಯಾಕ್ಸ್‌ವೆಲ್. ತನ್ನ ಕಡೆಯ ವರ್ಷಗಳನ್ನು ಆತ ಇದಕ್ಕಾಗಿ ಸವೆಸಿದ್ದು ವಿಜ್ಞಾನಕ್ಕಾದ ನಷ್ಟವೆಂದು ಯಾರಾದರೂ ಅಂದರೆ ನಾನೊಪ್ಪೆನು. ಗ್ರಂಥ ಅಚ್ಚಾದದ್ದು 1879ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಮ್ಯಾಕ್ಸ್‌ವೆಲ್ಲನೂ ತೀರಿಕೊಂಡನು. ನಿಯಮಕ್ಕೆ ಕೂಲಂಬನ ಹೆಸರೇ ಉಳಿಯಿತು.