ಭಾರತದ ರಾಷ್ಟ್ರೀಯ ಹೆದ್ದಾರಿಗಳು: ವಿಳಂಬ ಮತ್ತು ವೆಚ್ಚದ ಲೆಕ್ಕಪರಿಶೋಧನೆ

ರಸ್ತೆಗೆ ಕೇಂದ್ರದ ಬೊಕ್ಕಸದಿಂದಲೂ ಹಣ ಬರಬೇಕೆಂಬ ವಾದಕ್ಕೆ ಬಲ ಬಂದದ್ದು 1927ರಲ್ಲಿ ನೇಮಕಗೊಂಡ ಎಂ. ಆರ್. ಜಯಕರ್ ಸಮಿತಿಯಿಂದ. ಪೆಟ್ರೋಲಿನ ಮೇಲಿನ ಸುಂಕದಿಂದ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. 1943ರ ನಾಗಪುರ ಯೋಜನೆ ರಸ್ತೆಗಳನ್ನು ದರ್ಜೆವಾರು ವಿಂಗಡಿಸಿತು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂತು. ಮುಂದಿನ ನಾಲ್ಕು ದಶಕ ಕೆಲಸ ಕುಂಟಿದ್ದಕ್ಕೆ ಮುಖ್ಯ ಕಾರಣ ಹಣದ ಅಭಾವ. 1988ರ ಕಾಯ್ದೆಯಂತೆ ರಚನೆಯಾದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕಾರ್ಯಾರಂಭ ಮಾಡಿದ್ದೇ 1995ರಲ್ಲಿ.

ವಾಜಪೇಯಿ ಸರ್ಕಾರ ಇಂಧನದ ಮೇಲೆ ಲೀಟರಿಗೆ 1 ರೂಪಾಯಿ ಸೆಸ್ ಹಾಕಿದ ಮೇಲೆ ಹಣದ ತಾಪತ್ರಯ ತಗ್ಗಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿ.ಮೀ. ಸುವರ್ಣ ಚತುಷ್ಪಥಕ್ಕೆ 1999ರಲ್ಲಿ ಶಂಕುಸ್ಥಾಪನೆಯಾಯಿತು. 2004ರ ಹೊತ್ತಿಗೆ ಮುಗಿಯಬೇಕಿದ್ದ ಈ ಯೋಜನೆ ಪೂರ್ಣಗೊಂಡಿತೆಂದು ಘೋಷಣೆಯಾದದ್ದು 2012ರಲ್ಲಿ. ಹಾಗೆ ಘೋಷಿಸಿದಾಗಲೂ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಸುಮಾರು 30 ಕಿ.ಮೀ. ದ್ವಿಪಥವಾಗಿಯೇ ಇತ್ತು. ಅದನ್ನು ಮೊದಲೇ ಖಾಸಗಿ ಕಂಪನಿಗೆ ದೀರ್ಘಾವಧಿಯ ಟೋಲ್ ಒಪ್ಪಂದದ ಮೇಲೆ ಕೊಟ್ಟಾಗಿತ್ತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಬಳಿ ಟಿಪ್ಪರ್ ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರು ಸತ್ತದ್ದು ಇದೇ ಬೈಪಾಸಿನಲ್ಲಿ. ಅಗಲೀಕರಣದ ಕೆಲಸಕ್ಕೆ ಕೈ ಹಾಕಿದ್ದು ಆಮೇಲೆ.

ಹಣ ಬಂದ ಮೇಲೆ ತಡೆಯಾದದ್ದು ಜಮೀನು. 1956ರ ಕಾಯ್ದೆಯಂತೆ ಸ್ವಾಧೀನದ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 21 ದಿನ. ಒಂದು ವರ್ಷದೊಳಗೆ ಸ್ವಾಧೀನದ 3ಡಿ ಘೋಷಣೆ ಆಗದಿದ್ದರೆ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಕಾಗದದ ಮೇಲೆ ಇದು ಚುರುಕಾದ ಕ್ರಮ. ಆದರೆ ಜಂಟಿ ಮೋಜಿಣಿಗೆ ಹೋದಾಗ ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತದೆ, ಅಣ್ಣತಮ್ಮಂದಿರ ಪಾಲಿಗೆ ಪೋಡಿ ಆಗಿರುವುದಿಲ್ಲ, ತೋಟವನ್ನು ಖುಷ್ಕಿ ಎಂದು ಬರೆದಿರುತ್ತಾರೆ. ಪರಿಹಾರ ಯಾರಿಗೆ, ಎಷ್ಟು ಎಂಬುದು ಇತ್ಯರ್ಥವಾಗಲು ಮಧ್ಯಸ್ಥಿಕೆ, ಅಲ್ಲಿಂದ ನ್ಯಾಯಾಲಯ. ಇದಕ್ಕೆಲ್ಲ ರೈತರನ್ನು ದೂರುವುದು ಅಧಿಕಾರಿಗಳಿಗೆ ರೂಢಿಯಾಗಿದೆ. ಜಮೀನು ಕೈಗೆ ಬರುವ ಮೊದಲೇ ಟೆಂಡರ್ ಕರೆದವರು ರೈತರಲ್ಲವಷ್ಟೆ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಸೂತ್ರ 2015ರಿಂದ ಹೆದ್ದಾರಿಗಳಿಗೂ ಅನ್ವಯಿಸಿ, ಭೂಮಿಯ ಬೆಲೆಯೇ ಯೋಜನಾ ವೆಚ್ಚದ ದೊಡ್ಡ ಪಾಲಾಯಿತು.

ಮೇಲ್ವಿಚಾರಣೆಯ ಕಥೆಯಲ್ಲಿ ಸತ್ಯೇಂದ್ರ ದುಬೆ ಅವರ ಹೆಸರು ಬಿಡುವಂತಿಲ್ಲ. ಸುವರ್ಣ ಚತುಷ್ಪಥದ ಕೊಡರ್ಮಾ ಭಾಗದಲ್ಲಿ ಎಂಜಿನಿಯರ್ ಆಗಿದ್ದ ಅವರು ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತಮ್ಮ ಹೆಸರು ಗುಟ್ಟಾಗಿಡಲು ಕೋರಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಕೋರರ ಕೃತ್ಯವೆಂದು ತನಿಖೆ ಹೇಳಿತು. ಅವರ ಕುಟುಂಬ ಒಪ್ಪಲಿಲ್ಲ. ಮಾಹಿತಿದಾರರ ರಕ್ಷಣೆಗೆ 2014ರಲ್ಲಿ ಕಾಯ್ದೆ ಅಂಗೀಕಾರವಾಯಿತು; ವರ್ಷಗಳು ಕಳೆದರೂ ಅದು ಜಾರಿಗೆ ಬರಲಿಲ್ಲ.

2017ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಸಮಿತಿ ಒಪ್ಪಿದ ಭಾರತಮಾಲಾ ಹೆದ್ದಾರಿ ಯೋಜನೆಯ ಮೊದಲ ಹಂತದ ಗುರಿ 34,800 ಕಿ.ಮೀ.; ಅಂದಾಜು 5.35 ಲಕ್ಷ ಕೋಟಿ ರೂಪಾಯಿ, ಗಡುವು 2022. ಮಹಾಲೇಖಪಾಲರು (ಸಿಎಜಿ) 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಕೊಟ್ಟ ವರದಿಯಂತೆ, ಆ ವರ್ಷದ ಮಾರ್ಚ್ ಅಂತ್ಯಕ್ಕೆ ಮುಗಿದದ್ದು 13,499 ಕಿ.ಮೀ. ಕಿ.ಮೀ.ಗೆ 15.37 ಕೋಟಿ ಎಂದಿದ್ದ ವೆಚ್ಚ ಮಂಜೂರಾತಿಯಲ್ಲಿ 32.17 ಕೋಟಿಗೆ ಏರಿತ್ತು. ಸಮಗ್ರ ಯೋಜನಾ ವರದಿ ಅಂತಿಮವಾಗದೆ ಗುತ್ತಿಗೆ ಕೊಟ್ಟ ಪ್ರಕರಣಗಳೂ ವರದಿಯಲ್ಲಿದ್ದವು. ಸುದ್ದಿಯಾದದ್ದು ಮಾತ್ರ ದೆಹಲಿ ಬಳಿಯ ದ್ವಾರಕಾ ಎಕ್ಸ್‌ಪ್ರೆಸ್ ವೇ: ಕಿ.ಮೀ.ಗೆ 18.20 ಕೋಟಿಯ ಬದಲು 250.77 ಕೋಟಿ. 18.20 ಕೋಟಿ ಬರೀ ಸರಾಸರಿ, ದ್ವಾರಕಾದ್ದು ಮೇಲ್ಸೇತುವೆ ಸುರಂಗಗಳ ಎಂಟು ಪಥದ ರಸ್ತೆ ಎಂದು ಸಚಿವಾಲಯ ಸಮಜಾಯಿಷಿ ಕೊಟ್ಟಿತು. ಬಯಲಿನ ರಸ್ತೆಯ ಸರಾಸರಿಯಿಂದ ನಗರದ ಮೇಲ್ಸೇತುವೆಯನ್ನು ಅಳೆಯುವುದು ಸರಿಯಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅಂಥ ಸರಾಸರಿಯನ್ನೇ ಮುಂದಿಟ್ಟು ಸಂಪುಟದ ಒಪ್ಪಿಗೆ ಪಡೆದದ್ದೇಕೆ ಎಂಬುದಕ್ಕೆ ಅದು ಉತ್ತರವಾಗಲಿಲ್ಲ.

ಭಾರತಮಾಲಾ ಹೆಸರಿನಲ್ಲಿ ಹೊಸ ಕಾಮಗಾರಿ ಕೊಡುವುದು ಬಳಿಕ ನಿಂತಿತು. 2024ರ ಆಗಸ್ಟ್ 2ರಂದು ಸಂಪುಟ ಸಮಿತಿ 936 ಕಿ.ಮೀ. ಉದ್ದದ 8 ಕಾರಿಡಾರ್‌ಗಳಿಗೆ 50,655 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಭಾಗಿಸಿದರೆ ಕಿ.ಮೀ.ಗೆ ಸುಮಾರು 54 ಕೋಟಿ.