ಬೇಡ ಅಂದ ತಾಯಿ

1971ರ ಡಿಸೆಂಬರ್ 2. ನ್ಯೂಯಾರ್ಕ್ ನಗರದ ಸೌತ್ ಬ್ರಾಂಕ್ಸ್. ತಮ್ಮ ಏರಿಯಾಗೆ ಬೇರೆ ಗ್ಯಾಂಗ್‌ಗಳ ಹುಡುಗರು ನುಗ್ಗಿದ್ದಾರೆ ಅಂತ ‘ಘೆಟ್ಟೋ ಬ್ರದರ್ಸ್’ ಗ್ಯಾಂಗ್‌ಗೆ ಸುದ್ದಿ ಬಂತು. ಮಾತಾಡಿ ಸಮಾಧಾನ ಮಾಡಿ ಬಾ ಅಂತ ಒಬ್ಬನನ್ನು ಕಳಿಸಿದರು. ಹೆಸರು ಕಾರ್ನೆಲ್ ಬೆಂಜಮಿನ್, ವಯಸ್ಸು 25. ಎಲ್ಲರ ಬಾಯಲ್ಲಿ ಬ್ಲ್ಯಾಕ್ ಬೆಂಜಿ. ಡ್ರಗ್ಸ್ ಚಟದಿಂದ ಎದ್ದು ಬಂದವನು. ಗ್ಯಾಂಗ್‌ನಲ್ಲಿ ಅವನಿಗೆ ಕೊಟ್ಟಿದ್ದ ಕೆಲಸವೇ ಸಂಧಾನ. ಜಗಳ ಬೇಡ ಅಂತ ಹೇಳಲು ಹೋದವನನ್ನೇ ಹೊಡೆದು ಕೊಂದರು.

ಮುಂದೇನು? ಕ್ರೈಮ್ ಬುಲೆಟಿನ್‌ನಲ್ಲಿ ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಹಳೇ ದ್ವೇಷ, ಸ್ಕೆಚ್ಚು, ಲಾಂಗು, ಮಚ್ಚು, ನಡುರಸ್ತೆಯಲ್ಲಿ ಹೆಣ. ಆರು ತಿಂಗಳು ಬಿಟ್ಟು ಅದಕ್ಕೆ ಪ್ರತೀಕಾರ. ಹಿಂದೆ ಒಂದು ಭಯಂಕರ ಮ್ಯೂಸಿಕ್ ಬೇರೆ ಹಾಕ್ತೀವಿ. ಬ್ರಾಂಕ್ಸ್‌ನಲ್ಲೂ ಎಲ್ಲರೂ ಕಾಯ್ತಾ ಇದ್ದದ್ದು ಅದನ್ನೇ.

ಆ ಊರಿನ ಸ್ಥಿತಿ ಸ್ವಲ್ಪ ಕೇಳಿ. 1948ರಿಂದ ಬ್ರಾಂಕ್ಸ್‌ನ ಹೊಟ್ಟೆ ಸೀಳಿಕೊಂಡು ಒಂದು ಎಕ್ಸ್‌ಪ್ರೆಸ್‌ವೇ ಕಟ್ಟಿದರು, ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯ್ತು. ನಾನು ಎಂಜಿನಿಯರಿಂಗ್ ಓದುವಾಗ ಹೈವೇ ಅಂದ್ರೆ ಗಂಟೆಗೆ ಎಷ್ಟು ಗಾಡಿ ಹೋಗುತ್ತೆ ಅನ್ನೋ ಲೆಕ್ಕ. ಎಷ್ಟು ಮನೆ ಹೋಯ್ತು ಅನ್ನೋದು ಸಿಲಬಸ್‌ನಲ್ಲಿ ಇರಲಿಲ್ಲ. ಉಳಿದ ಕಟ್ಟಡಗಳಿಗೆ ಇನ್ಶೂರೆನ್ಸ್ ದುಡ್ಡಿಗಾಗಿ ಮಾಲೀಕರೇ ಬೆಂಕಿ ಹಾಕಿಸಿದ್ದೂ ಉಂಟು. 1970ರಿಂದ 1980ರ ಒಳಗೆ ಅಲ್ಲಿನ 7 ಗಣತಿ ವಲಯಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟೋ ಪಾಳುಬಿದ್ದೋ ಹೋದವು. ಕೆಲಸ ಇಲ್ಲ, ಮನೆ ಇಲ್ಲ. ಹುಡುಗರಿಗೆ ಇದ್ದದ್ದು ಬೀದಿ, ಬೆನ್ನ ಮೇಲೆ ಗ್ಯಾಂಗ್‌ನ ಹೆಸರಿರುವ ಜಾಕೆಟ್ಟು.

ಘೆಟ್ಟೋ ಬ್ರದರ್ಸ್ ಕಟ್ಟಿದವರಲ್ಲಿ ಒಬ್ಬ ಬೆಂಜಿ ಮೆಲೆಂಡೆಜ್. ಆಗ ಅವನಿಗೆ 19 ವರ್ಷ. ಅಣ್ಣತಮ್ಮಂದಿರ ಜೊತೆ ಒಂದು ಮ್ಯೂಸಿಕ್ ಬ್ಯಾಂಡ್ ಕೂಡ ನಡೆಸ್ತಿದ್ದ. ಬೇರೆ ಗ್ಯಾಂಗ್‌ಗಳು ಸಹಾಯಕ್ಕೆ ಸಿದ್ಧವಾಗಿದ್ದವು, ತನ್ನ ಹುಡುಗರ ರಕ್ತ ಕುದೀತಾ ಇತ್ತು. ಅವನು ‘ಹೂಂ’ ಅಂದಿದ್ದರೆ ಆ ರಾತ್ರಿಯೇ ಬೀದಿ ಕೆಂಪಾಗುತ್ತಿತ್ತು. ಆದರೆ ಅವರು ಮೊದಲು ಹೋಗಿದ್ದು ಸತ್ತವನ ತಾಯಿಯ ಮನೆಗೆ. ಆ ತಾಯಿ ಸೇಡು ಬೇಡ ಅಂದರು. ನನ್ನ ಮಗ ಶಾಂತಿಗಾಗಿ ಹೋದವನು, ಅವನ ಹೆಸರಲ್ಲಿ ಇನ್ನೊಂದು ಹೆಣ ಬೀಳೋದು ಬೇಡ ಅನ್ನೋದು ಅವರ ಮಾತಿನ ಅರ್ಥ.

ಡಿಸೆಂಬರ್ 8ರಂದು ಹೋ ಅವೆನ್ಯೂನ ಬಾಯ್ಸ್ ಕ್ಲಬ್‌ನಲ್ಲಿ ಹತ್ತಾರು ಗ್ಯಾಂಗ್‌ಗಳು ಸೇರಿದವು. ನಮ್ಮ ಲೆಕ್ಕದಲ್ಲಿ ಇನ್ನೂ ತಿಥಿ ಕೂಡ ಆಗಿರಲಿಲ್ಲ! ಜಿಮ್ ಹಾಲ್‌ನ ನಡುವೆ ಕುರ್ಚಿ ಹಾಕಿ ಮುಖಂಡರನ್ನು ಕೂರಿಸಿದರು, ಉಳಿದವರು ಸುತ್ತ ಮೆಟ್ಟಿಲ ಮೇಲೆ. ಕೊಲೆಯ ಆರೋಪ ಹೊತ್ತ ಗ್ಯಾಂಗ್‌ನವರೂ ಅಲ್ಲೇ ಇದ್ದರು. ಅಕ್ಕಪಕ್ಕದ ಮಾಳಿಗೆಗಳ ಮೇಲೆ ಬಂದೂಕು ಹಿಡಿದ ಪೊಲೀಸರು, ಒಳಗೆ ಟಿವಿ ಕ್ಯಾಮೆರಾ. ಕೂಗಾಟವೂ ಆಯ್ತು, ಬೈದಾಡಿದ್ದೂ ಆಯ್ತು. ಕೊನೆಗೆ ಒಪ್ಪಂದ.

ಆ ಒಪ್ಪಂದದ ಒಂದು ಷರತ್ತು ನನಗೆ ತುಂಬಾ ಇಷ್ಟ. ಇಬ್ಬರ ನಡುವೆ ತಕರಾರು ಬಂದರೆ ಮೊದಲು ಅವರಿಬ್ಬರೇ ಕೂತು ಮಾತಾಡಬೇಕು. ಆಗಲೂ ಬಗೆಹರಿಯದಿದ್ದರೆ, ಜಗಳ ಇರೋ ಇಬ್ಬರೇ ಕೈ ಕೈ ಮಿಲಾಯಿಸಿ ಮುಗಿಸಿಕೊಳ್ಳಬೇಕು. ಊರಿಗೆ ಊರೇ ಹೊಡೆದಾಡೋ ಹಾಗಿಲ್ಲ. ಯಾವ ವಕೀಲರೂ ಹೀಗೆ ಬರೆಯೋದಿಲ್ಲ, ಬೀದಿಯನ್ನು ಬಲ್ಲವರು ಮಾತ್ರ ಬರೀತಾರೆ.

ಒಂದೇ ದಿನಕ್ಕೆ ಹಿಂಸೆ ನಿಂತುಹೋಯ್ತು ಅಂತ ನಾನು ಹೇಳಲ್ಲ. ಚಾಕು ಆಮೇಲೂ ಹೊರಬಂತು, ಬೆಂಕಿಯಂತೂ ದಶಕ ಪೂರ್ತಿ ಉರೀತು. ಆದರೆ ಒಂದು ಗ್ಯಾಂಗ್‌ನ ಏರಿಯಾದಿಂದ ಇನ್ನೊಂದಕ್ಕೆ ಹುಡುಗರು ನಡೆದು ಹೋಗೋಕೆ ಶುರು ಮಾಡಿದರು, ಮುಖ್ಯವಾಗಿ ಪಾರ್ಟಿಗಳಿಗೆ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನದೇ ಸೆಡ್ಜ್‌ವಿಕ್ ಅವೆನ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡ್ ತಿರುಗಿಸಿದ. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿ ಅಂತಾರೆ. ಇವತ್ತು ಬೆಂಗಳೂರಿನ ಹುಡುಗರು ಕನ್ನಡದಲ್ಲಿ ರ‍್ಯಾಪ್ ಹಾಡ್ತಾರಲ್ಲ, ಅದರ ಬೇರೂ ಅದೇ ಬೀದಿಗಳಲ್ಲಿದೆ.

ಮೆಲೆಂಡೆಜ್ 2017ರಲ್ಲಿ ತೀರಿಕೊಂಡ. ಬ್ರಾಂಕ್ಸ್‌ನ ಒಂದು ರಸ್ತೆ ಮೂಲೆಗೆ ಈಗ ಬ್ಲ್ಯಾಕ್ ಬೆಂಜಿಯ ಹೆಸರಿಟ್ಟಿದ್ದಾರೆ.